ಒಬ್ಬ ‘ಒಲ್ಲೆ’ ಎಂದರೆ ಸಾಕಿತ್ತು

1574ರ ಜೂನ್‌ನ ಒಂದು ರಾತ್ರಿ ಪೋಲೆಂಡಿನ ದೊರೆ ಹೆನ್ರಿ ಕ್ರಾಕೋವ್ ಅರಮನೆಯಿಂದ ಕದ್ದು ಓಡಿಹೋದ. ಪಟ್ಟಕ್ಕೇರಿ ನಾಲ್ಕು ತಿಂಗಳಾಗಿತ್ತಷ್ಟೆ. ಅಣ್ಣ ತೀರಿಕೊಂಡು ಫ್ರಾನ್ಸಿನ ಗದ್ದುಗೆ ತೆರವಾಗಿತ್ತು, ಸರಿ. ಆದರೆ ಪೋಲೆಂಡಿನ ಕಿರೀಟವೂ ಅವನಿಗೆ ಹಿತವಾಗಿರಲಿಲ್ಲ.

ಆ ಕಿರೀಟ ವಂಶದಿಂದ ಬಂದದ್ದಲ್ಲ. ಹಿಂದಿನ ವರ್ಷ ವಾರ್ಸಾ ಹತ್ತಿರದ ಬಯಲಲ್ಲಿ ‘ಶ್ಲಾಖ್ತಾ’ ಎಂಬ ಕುಲೀನರು ಸಾವಿರಾರು ಸಂಖ್ಯೆಯಲ್ಲಿ ನೆರೆದು ಅವನನ್ನು ಆರಿಸಿದ್ದರು. ಷರತ್ತುಗಳನ್ನೂ ಮುಂದಿಟ್ಟಿದ್ದರು: ಎರಡು ವರ್ಷಕ್ಕೊಮ್ಮೆ ‘ಸೇಯ್ಮ್’ ಎಂಬ ಸಂಸತ್ ಸಭೆ ಕರೆಯಬೇಕು, ಅದು ಒಪ್ಪದೆ ಹೊಸ ತೆರಿಗೆಯಿಲ್ಲ, ಮಾತು ತಪ್ಪಿದ ರಾಜನಿಗೆ ವಿಧೇಯರಾಗಿರಬೇಕಿಲ್ಲ. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ತನ್ನ ಕುಲೀನರನ್ನು ವರ್ಸೇಲ್ಸ್‌ನಲ್ಲಿ ಕೈಕಟ್ಟಿ ನಿಲ್ಲಿಸಿಕೊಂಡ. ಇಲ್ಲಿ ಕುಲೀನರೇ ರಾಜನಿಗೆ ಮೂಗುದಾರ ಹಾಕಿದ್ದರು.

ಜನಸಂಖ್ಯೆಯಲ್ಲಿ ಇವರು ನೂರಕ್ಕೆ ಆರರಿಂದ ಹತ್ತರಷ್ಟು. ಆ ಕಾಲಕ್ಕೆ ಅದು ಬಹಳವೇ. ಕೆಲವರಿಗೆ ಊರುಗಟ್ಟಲೆ ಜಮೀನು, ಎಷ್ಟೋ ಮಂದಿಗೆ ತಾವೇ ಉಳುವ ತುಂಡು ಹೊಲ. ಕಾನೂನಿನ ಕಣ್ಣಿಗೆ ಇಬ್ಬರೂ ಸಮ. ದೊಡ್ಡವರ ಹೊಲದ ಧಾನ್ಯ ವಿಸ್ತುಲಾ ನದಿಯಲ್ಲಿ ತೇಲಿ ಗ್ದಾನ್ಸ್ಕ್ ಬಂದರು ಸೇರುತ್ತಿತ್ತು. ಅದನ್ನು ಬೆಳೆಯುತ್ತಿದ್ದ ರೈತ ವಾರದಲ್ಲಿ ಹಲವು ದಿನ ಬಿಟ್ಟಿ ದುಡಿಯಬೇಕು, ಒಡೆಯ ಒಪ್ಪದೆ ಊರು ಬಿಡುವಂತಿಲ್ಲ. ಈ ಸಮಾನತೆಯ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕಿರಲಿಲ್ಲ.

1652ರ ಸೇಯ್ಮ್‌ನಲ್ಲಿ, ಪೋಲೆಂಡಿನೊಂದಿಗೆ ಒಂದೇ ರಾಜ್ಯವಾಗಿದ್ದ ಲಿಥುವೇನಿಯಾದ ಪ್ರತಿನಿಧಿ ವ್ಲಾದಿಸ್ವಾಫ್ ಸಿಚಿನ್ಸ್ಕಿ ಎದ್ದುನಿಂತು, ಅಧಿವೇಶನ ಮುಂದುವರಿಸಲು ತನ್ನ ಒಪ್ಪಿಗೆಯಿಲ್ಲ ಎಂದು ಹೇಳಿ ಹೊರಟುಹೋದ. ಸಮಾನರ ಸಭೆಯಲ್ಲಿ ಒಬ್ಬನ ‘ಒಲ್ಲೆ’ಯನ್ನು ತಳ್ಳಿಹಾಕುವುದು ಹೇಗೆ? ಸಭೆ ಅಲ್ಲಿಗೇ ಮುರಿಯಿತು. ‘ಲಿಬೆರುಮ್ ವೀಟೊ’ ಎಂಬ ಹಕ್ಕಿನ ರುಚಿ ಹತ್ತಿದ್ದು ಆಗ. 1688ರ ಸಭೆಯಂತೂ ಅಧ್ಯಕ್ಷನನ್ನು ಆರಿಸುವ ಮೊದಲೇ ಒಡೆದುಹೋಯಿತು. ದೊರೆ ಮೂರನೆಯ ಆಗಸ್ಟಸ್‌ನ ಮೂವತ್ತು ವರ್ಷದ ಆಳ್ವಿಕೆಯಲ್ಲಿ ಕೆಲಸ ಮುಗಿಸಿ ಎದ್ದ ಅಧಿವೇಶನ ಒಂದೇ, 1736ರದು. ನೆರೆಯವರಿಗೆ ಇನ್ನೇನು ಬೇಕು? ಒಬ್ಬ ಸದಸ್ಯನ ಜೇಬು ತುಂಬಿಸುವುದು ಒಂದು ಸೈನ್ಯ ಸಾಕುವುದಕ್ಕಿಂತ ಅಗ್ಗ. ಈ ‘ಸ್ವಾತಂತ್ರ್ಯ’ ಉಳಿಯಬೇಕು ಎಂದು ಪೋಲರಿಗಿಂತ ಹೆಚ್ಚು ಹಂಬಲಿಸಿದ್ದು ರಷ್ಯಾ, ಪ್ರಷ್ಯಾಗಳ ಅರಮನೆಗಳೇ ಇರಬೇಕು.

1791ರ ಮೇ 3ರ ಸಂವಿಧಾನ ವೀಟೊವನ್ನು ಕಿತ್ತುಹಾಕಿತು. ಮರುವರ್ಷವೇ ಕೆಲವು ಸಿರಿವಂತ ಕುಲೀನರು ತಾರ್ಗೋವಿತ್ಸಾ ಒಕ್ಕೂಟ ಕಟ್ಟಿ ರಷ್ಯಾದ ರಾಣಿ ಕ್ಯಾಥರೀನಳ ನೆರವು ಬೇಡಿದರು. ಅವರು ಕೊಟ್ಟ ಕಾರಣ ಹಳೆಯ ಸ್ವಾತಂತ್ರ್ಯಗಳ ರಕ್ಷಣೆ. ಅವಳ ಸೇನೆ ಬಂತು. ನೆರೆಯವರು ದೇಶವನ್ನೇ ಹಂಚಿಕೊಂಡರು. 1795ರ ಹೊತ್ತಿಗೆ ‘ಒಲ್ಲೆ’ ಎನ್ನಲು ಸಭೆಯೂ ಇರಲಿಲ್ಲ, ದೇಶವೂ ಇರಲಿಲ್ಲ.