ಓಟ ಕಡಿಮೆ, ಎಳೆತ ಹೆಚ್ಚು: ಬೈಕಿನ ಹಲ್ಲುಚಕ್ರದ ಲೆಕ್ಕ

ಮಲೆನಾಡಿನ ಅಡಿಕೆ ತೋಟ ಹೆಚ್ಚಾಗಿ ಕಣಿವೆಯ ತಳದಲ್ಲಿ. ಮನೆ, ಕಣ, ಅಟ್ಟ ಮೇಲೆ. ಕಾಫಿ ತೋಟವಂತೂ ಇಳಿಜಾರಿನಲ್ಲೇ ಇರುವಂಥದು. ಹೀಗಾಗಿ ನಮ್ಮ ಹೊರೆಯೆಲ್ಲ ಏರು ಹತ್ತಿಯೇ ಮನೆ ಸೇರಬೇಕು. ಜೀಪು, ಪಿಕಪ್ ಇಲ್ಲದ ಸಣ್ಣ ಬೆಳೆಗಾರರಿಗೆ ಎಲ್ಲಕ್ಕೂ ಒಂದೇ ಬೈಕು. ಪೇಟೆಗೆ ಹೋಗಲೂ ಅದೇ, 50 ಕಿಲೋ ಪೊಟ್ಯಾಷ್ ಚೀಲ ಹೊರಲೂ ಅದೇ.

ಆದರೆ ಆ ಬೈಕನ್ನು ತಯಾರಿಸಿದವರು ಟಾರು ರಸ್ತೆಯ ಓಟಕ್ಕೂ ಮೈಲೇಜಿಗೂ ಹೊಂದಿಸಿ ಕಳಿಸಿರುತ್ತಾರೆ. ಹೊರೆ ಹೇರಿ ತೋಟದ ಏರು ಹತ್ತಿಸಿದರೆ ಮೊದಲನೆಯ ಗೇರಿನಲ್ಲೂ ಎಂಜಿನ್ ಉಸಿರುಗಟ್ಟುತ್ತದೆ. ಸವಾರ ಅರ್ಧ ಕ್ಲಚ್ ಹಿಡಿದೇ ಮೇಲಕ್ಕೆ ತರುತ್ತಾನೆ. ಕ್ಲಚ್ ಪ್ಲೇಟು ಸುಡುವುದು ಹೀಗೆ. ಇದಕ್ಕೆ ದೊಡ್ಡ ಬೈಕೇ ಪರಿಹಾರವೆಂದು ಸಾಲ ಮಾಡುವ ಮೊದಲು, ಚೈನು ಓಡುವ ಎರಡು ಹಲ್ಲುಚಕ್ರಗಳ, ಅಂದರೆ ಸ್ಪ್ರಾಕೆಟ್‌ಗಳ, ಲೆಕ್ಕವನ್ನು ನಾವು ತಿಳಿದಿರುವುದು ಒಳ್ಳೆಯದು.

ಈ ಉಪಾಯ ಹೊಸತೇನಲ್ಲ. ಜಪಾನಿನ ಹೋಂಡಾ ಕಂಪನಿ 1958ರಲ್ಲಿ 49 ಸಿಸಿಯ ಸೂಪರ್ ಕಬ್ ಎಂಬ ಪುಟ್ಟ ಬೈಕನ್ನು ಹೊರತಂದಿತು. ಅದು ಅಮೆರಿಕಕ್ಕೂ ಹೋಯಿತು. ಅಲ್ಲಿನ ಐಡಾಹೋ ರಾಜ್ಯ ಗುಡ್ಡಗಾಡು ಸೀಮೆ. ಅಲ್ಲಿಯ ಬಾಯ್ಸಿ ನಗರದ ಮಾರಾಟಗಾರ ಹರ್ಬ್ ಉಹ್ಲ್ ಎಂಬವರು ಅದೇ ಬೈಕಿಗೆ ಹಿಂದುಗಡೆ ದೊಡ್ಡ ಹಲ್ಲುಚಕ್ರವನ್ನೂ ಗಂಟುಗಂಟಾದ ಟೈರನ್ನೂ ಹಾಕಿ ಮಾರತೊಡಗಿದರು. ಕಾಡುದಾರಿ ಹತ್ತುವವರು ಮುಗಿಬಿದ್ದು ಕೊಂಡರು. ಇದನ್ನು ಕಂಡ ಕಂಪನಿಯೇ 1961ರಲ್ಲಿ ಟ್ರೇಲ್ 50 ಎಂಬ ಮಾದರಿಯನ್ನು ತಂದಿತು. ಅದರ ಹಿಂದಿನ ಚಕ್ರಕ್ಕೆ ಎರಡು ಹಲ್ಲುಚಕ್ರಗಳು: ರಸ್ತೆಗೆ ಸಣ್ಣದು, ಗುಡ್ಡಕ್ಕೆ ದೊಡ್ಡದು. ಎಂಜಿನ್ ಮಾತ್ರ ಅದೇ ಪುಟ್ಟದು.

ಇದರ ತತ್ವ ಹಾರೆ ಹಿಡಿದವರಿಗೆಲ್ಲ ಗೊತ್ತು. ಹಾರೆಯ ತುದಿ ಹಿಡಿದು ಅದುಮಿದರೆ ದೊಡ್ಡ ಕಲ್ಲೂ ಏಳುತ್ತದೆ. ಆದರೆ ಕೈ ಒಂದು ಮೊಳ ಇಳಿದರೆ ಕಲ್ಲು ನಾಲ್ಕು ಬೆರಳು ಏಳುತ್ತದೆ, ಅಷ್ಟೇ. ಬಲ ಗಳಿಸಿದಷ್ಟೂ ದೂರ ಕಳೆದುಕೊಳ್ಳುತ್ತೇವೆ. ಎಂಜಿನ್ನಿನ ಶಕ್ತಿ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

ಲೆಕ್ಕ ಹೀಗಿದೆ. ಮುಂದಿನ ಚಕ್ರಕ್ಕೆ 14 ಹಲ್ಲು, ಹಿಂದಿನದಕ್ಕೆ 42 ಹಲ್ಲು ಎಂದಿಟ್ಟುಕೊಳ್ಳೋಣ. 42ನ್ನು 14ರಿಂದ ಭಾಗಿಸಿದರೆ 3. ಮುಂದಿನದನ್ನು 13 ಹಲ್ಲಿಗೆ ಇಳಿಸಿದರೆ 3.23, ಎಳೆತ ಶೇಕಡಾ ಸುಮಾರು 8ರಷ್ಟು ಹೆಚ್ಚು. ಮುಂದಿನದನ್ನು ಹಾಗೇ ಬಿಟ್ಟು ಹಿಂದಿನದನ್ನು 45 ಹಲ್ಲಿಗೆ ಏರಿಸಿದರೆ 3.21, ಹೆಚ್ಚುಕಡಿಮೆ ಅದೇ ಫಲ. ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲಿಗೆ ಸಮವೆಂದು ನೆನಪಿಡಿ. ಎರಡನ್ನೂ ಬದಲಿಸಿದರೆ 3.46, ಎಳೆತ ಶೇಕಡಾ 15ರಷ್ಟು ಹೆಚ್ಚು.

ಇನ್ನು ಖರ್ಚಿನ ಬದಿ. ಎಂಜಿನ್ ಅಷ್ಟೇ ಸುತ್ತು ತಿರುಗಿದಾಗ ಮೊದಲು ಗಂಟೆಗೆ 80 ಕಿಲೋಮೀಟರ್ ಓಡುತ್ತಿದ್ದ ಬೈಕು 13 ಹಲ್ಲಿನೊಂದಿಗೆ 74 ಓಡುತ್ತದೆ. ಎರಡನ್ನೂ ಬದಲಿಸಿದರೆ 69. ಹಳೆಯ ವೇಗದಲ್ಲೇ ಹೋಗಬೇಕೆಂದರೆ ನಿಮಿಷಕ್ಕೆ 5,000 ಸುತ್ತಿನ ಬದಲು ಸುಮಾರು 5,400 ಸುತ್ತು ಬೇಕು. ಪೇಟೆಯ ದಾರಿಯಲ್ಲಿ ಸದ್ದು ಹೆಚ್ಚು, ಪೆಟ್ರೋಲೂ ಹೆಚ್ಚು. ದಿನವೂ ಮೂವತ್ತು ನಲವತ್ತು ಕಿಲೋಮೀಟರ್ ಟಾರು ರಸ್ತೆಯಲ್ಲಿ ಓಡಾಡುವವರಿಗೆ ಇದು ನಷ್ಟದ ಬಾಬು. ತೋಟದಲ್ಲೇ ಹೆಚ್ಚು ಓಡಾಟವಿದ್ದು ವಾರಕ್ಕೊಮ್ಮೆ ಪೇಟೆಗೆ ಹೋಗುವವರಿಗೆ ಲಾಭದ್ದು.

ಯಾವುದನ್ನು ಬದಲಿಸಬೇಕು? ಮುಂದಿನದು ಅಗ್ಗ, ಕೆಲಸವೂ ಸುಲಭ. ಆದರೆ ತೀರ ಸಣ್ಣ ಚಕ್ರದಲ್ಲಿ ಚೈನು ಬಿಗಿಯಾಗಿ ಬಾಗಿ ಬೇಗ ಸವೆಯುತ್ತದೆ. ಆದ್ದರಿಂದ ಮುಂದೆ ಒಂದು ಹಲ್ಲಿಗಿಂತ ಹೆಚ್ಚು ಇಳಿಸಬೇಡಿ. ಇನ್ನೂ ಎಳೆತ ಬೇಕಾದರೆ ಹಿಂದಿನದನ್ನು ದೊಡ್ಡದು ಮಾಡಿ. ಮುಂದೆ ಒಂದು ಹಲ್ಲು ಇಳಿದರೆ ಹಿಂದಿನ ಚಕ್ರವನ್ನು ಮೂರು ಮಿಲಿಮೀಟರಿನಷ್ಟು ಹಿಂದಕ್ಕೆ ಸರಿಸಿದರೆ ಚೈನು ಬಿಗಿಯಾಗುತ್ತದೆ. ಹಿಂದೆ ಮೂರು ಹಲ್ಲು ಏರಿದರೆ ಸುಮಾರು ಒಂದು ಸೆಂಟಿಮೀಟರ್ ಮುಂದಕ್ಕೆ ಬರಬೇಕು. ಅಷ್ಟು ಜಾಗವಿಲ್ಲದಿದ್ದರೆ ಉದ್ದದ ಚೈನು ಬೇಕಾಗುತ್ತದೆ. ಹಳೆಯ ಬುಲೆಟ್‌ಗಳಲ್ಲಿ ಹಿಂದಿನ ಹಲ್ಲುಚಕ್ರ ಬ್ರೇಕ್ ಡ್ರಮ್ಮಿಗೇ ಸೇರಿದ್ದು. ಮುಂದಿನದು ಕ್ಲಚ್ಚಿನ ಹಿಂಬದಿಯಲ್ಲಿದ್ದು ಬಿಚ್ಚುವ ಕೆಲಸ ಹೆಚ್ಚು.

ಹಿಂದಿನ ಚಕ್ರದ ಮೇಲಿನ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಚೈನು ಸವೆದಿದೆ. ಸವೆದ ಚೈನು ಹೊಸ ಹಲ್ಲನ್ನೂ ತಿನ್ನುತ್ತದೆ. ಆಗ ಮೂರನ್ನೂ ಒಟ್ಟಿಗೆ ಬದಲಿಸುವುದೇ ಉಳಿತಾಯ. ಎಷ್ಟೋ ಬೈಕುಗಳಲ್ಲಿ ವೇಗದ ಮೀಟರು ಮುಂದಿನ ಚಕ್ರದಿಂದ ನಡೆಯುತ್ತದೆ, ಅವಕ್ಕೆ ತೊಂದರೆಯಿಲ್ಲ. ಗೇರು ಪೆಟ್ಟಿಗೆಯಿಂದ ನಡೆಯುವ ಮೀಟರಾದರೆ ಇರುವುದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ. ವಾರಂಟಿ ಮುಗಿಯದ ಹೊಸ ಬೈಕಾದರೆ ಮಾರಿದವರನ್ನು ಕೇಳಿಯೇ ಕೈಹಾಕಿ.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದ ಮಾತು. ಎಳೆತ ಹೆಚ್ಚಿತೆಂದು ಹೊರೆ ಹೆಚ್ಚಿಸಬಾರದು. ಚಾಸಿ, ಶಾಕ್ ಅಬ್ಸಾರ್ಬರ್, ಬ್ರೇಕ್ ಎಲ್ಲವೂ ಹಳೆಯವೇ. ಒಂದು ಚೀಲ ಹತ್ತಿಸಲಾಗದಿದ್ದ ಬೈಕು ಎರಡು ಚೀಲ ಹತ್ತಿಸಿಬಿಟ್ಟರೆ, ಮುಂದೆ ಇಳಿಜಾರು ಬಂದಾಗ ಅದನ್ನು ಹಿಡಿದು ನಿಲ್ಲಿಸುವವರಾರು? ಹಿಂದೆ ಭಾರ ಹೆಚ್ಚಾದಾಗ ಕಡಿದಾದ ಏರಿನಲ್ಲಿ ಮುಂದಿನ ಚಕ್ರ ನೆಲ ಬಿಡುವ ಅಪಾಯವೂ ಉಂಟು. ಮಳೆಗಾಲದ ಕೆಸರಿನಲ್ಲಿ ಟೈರು ಜಾರಿದರೆ ಯಾವ ಹಲ್ಲುಚಕ್ರವೂ ನೆರವಿಗೆ ಬಾರದು. ಅಲ್ಲಿ ಬೇಕಾದದ್ದು ಒಳ್ಳೆಯ ಟೈರು.

ಒಂದು ಅನುಕೂಲ ಮಾತ್ರ ಇಳಿಜಾರಿನಲ್ಲೂ ಇದೆ. ಹಲ್ಲು ಬದಲಿಸಿದ ಬೈಕನ್ನು ಮೊದಲನೆಯ ಗೇರಿನಲ್ಲಿ ಇಳಿಸಿದರೆ ಎಂಜಿನ್ನೇ ಹೆಚ್ಚು ಹಿಡಿತ ಕೊಡುತ್ತದೆ. ಕ್ಲಚ್ ಅದುಮದೆ, ಗೇರು ಬಿಡದೆ ಇಳಿಯುವ ಅಭ್ಯಾಸವನ್ನು ನಮ್ಮ ಮನೆಯ ಹುಡುಗರಿಗೂ ಹೇಳಿಕೊಡೋಣ. ಈ ಸಲದ ಕೊಯ್ಲಿಗೆ ಮುಂಚೆ ಚೈನು ಬದಲಿಸುವವರು ಹಳೆಯ ಚಕ್ರಗಳ ಹಲ್ಲು ಎಣಿಸಿ ಬರೆದುಕೊಂಡು ಅಂಗಡಿಗೆ ಹೋಗಿ. ಮೊದಲು ಮುಂದಿನ ಒಂದೇ ಹಲ್ಲು ಇಳಿಸಿ ಒಂದು ತಿಂಗಳು ಓಡಿಸಿ ನೋಡಿ. ಹಿಡಿಸದಿದ್ದರೆ ಹಳೆಯದನ್ನೇ ಮತ್ತೆ ಹಾಕಬಹುದು. ಅದನ್ನು ಗುಜರಿಗೆ ಹಾಕದೆ ತೆಗೆದಿಡಿ.