ಕಾರಿಗೊಂದು ರಬ್ಬರ್ ಅಂಗಿ

ಮೂಡಿಗೆರೆಯಿಂದ ಕಳಸದ ಕಡೆ ಓಡಾಡುವ ಕಾರುಗಳ ಬಾಗಿಲಿನ ಕೆಳಭಾಗ ನೋಡಿ: ಜಲ್ಲಿ ಸಿಡಿದು ಬಣ್ಣ ಎದ್ದಿರುತ್ತದೆ, ತುಕ್ಕು ಶುರುವಾಗುವುದೂ ಅಲ್ಲೇ. ಅದಕ್ಕೊಂದು ಉಪಾಯ, ಪ್ಲಾಸ್ಟಿ ಡಿಪ್‌ನಂಥ ರಬ್ಬರ್ ಲೇಪನ. ಸ್ಪ್ರೇ ಮಾಡಿದ ಮೇಲೆ ದ್ರಾವಕ ಆವಿಯಾಗಿ ರಬ್ಬರ್ ಪದರ ಉಳಿಯುತ್ತದೆ. ಅದು ಬಣ್ಣದೊಂದಿಗೆ ಬೆರೆಯುವುದಿಲ್ಲ. ಬೇಡವಾದಾಗ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯಬಹುದು. ಆದರೆ ಜಿಪುಣತನ ನಡೆಯದು. ನಾಲ್ಕೈದು ಕೋಟ್ ಬೇಕು. ತೆಳುವಾದರೆ ಚೂರುಚೂರಾಗಿ ಹರಿಯುತ್ತದೆ, ಆಮೇಲೆ ಉಗುರಿನಲ್ಲಿ ಕೆರೆಯುತ್ತ ಕೂರಬೇಕು! ಪೆಟ್ರೋಲ್ ಚೆಲ್ಲಿದರೂ ಹಾಳು. ನಮ್ಮ ಮಳೆಗಾಲದಲ್ಲಿ ಅಂಚು ಎದ್ದರೆ ಒಳಗೆ ಕೆಸರು ಸೇರುತ್ತದೆ. ಹಳೆಯ ತುಕ್ಕಿನ ಮೇಲೆ ಬಳಿದರೆ ತುಕ್ಕು ಮರೆಯಾಗುತ್ತದೆ, ನಿಲ್ಲುವುದಿಲ್ಲ. ಇಡೀ ಗಾಡಿಯ ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ತಿದ್ದಿಸಬೇಕು. ನನ್ನ ಮಾಮ ಕೇಳಿದಾಗ, ಬಾಗಿಲಿನ ಕೆಳಭಾಗಕ್ಕಷ್ಟೇ ಸಾಕು ಎಂದೆ. ಅದೂ ಮಳೆ ಮುಗಿದು ಗಾಡಿ ಚೆನ್ನಾಗಿ ಒಣಗಿದ ಮೇಲೆ.