ಹುಲಿ ಸಿಕ್ಕಿಬಿದ್ದರೆ ಗೆದ್ದಂತೆಯೇ? – ಆಟ ರಚನೆಯ ಯೋಜನಾಕಾರ್ಯದಿಂದ ನಾನು ಕಲಿತದ್ದು

ನನ್ನ ಬೋಧನಾಭ್ಯಾಸ ನಡೆದದ್ದು ಗುಂಡ್ಲುಪೇಟೆ ತಾಲ್ಲೂಕಿನ, ಬಂಡೀಪುರ ಕಾಡಂಚಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಎಂಟನೇ ತರಗತಿಗೆ ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠ. 1973ರಲ್ಲಿ ಹುಲಿ ಯೋಜನೆಗೆ ಮೊದಲು ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಹುಲಿಯ ಹೆಜ್ಜೆಯನ್ನು ಹೊಲದಲ್ಲೇ ಕಂಡ ಮಕ್ಕಳಿಗೆ ಅಷ್ಟು ಸಾಲದು. ನಾಲ್ಕು ನಾಲ್ಕು ಜನರ ತಂಡ ಮಾಡಿ, ಕಾಡಿನ ಬಗ್ಗೆ ಒಂದು ಆಟ ರಚಿಸಲು ಹೇಳಿದೆ. ಅದರಲ್ಲಿ ಒಂದು ತಂಡದ ಕೆಲಸವನ್ನು ಇಲ್ಲಿ ವಿವರಿಸುತ್ತೇನೆ.

ಹಳೆಯ ಆಟ, ಹೊಸ ನಿಯಮ

ತಂಡ ಆರಿಸಿಕೊಂಡದ್ದು ಆಡು-ಹುಲಿ ಆಟ. ಈ ಆಟದ ಮಣೆಯಲ್ಲಿ 23 ಮನೆಗಳು, 3 ಹುಲಿ, 15 ಆಡು. ಪಕ್ಕದ ಆಡಿನ ಆಚೆಗಿನ ಮನೆ ಖಾಲಿ ಇದ್ದರೆ ಹುಲಿ ಹಾರಿ ಅದನ್ನು ತಿನ್ನುತ್ತದೆ. ಹುಲಿಗಳು ಅಲುಗದಂತೆ ಸುತ್ತುಗಟ್ಟಿದರೆ ಆಡುಗಳ ಗೆಲುವು. ಮಕ್ಕಳು ಆಡಿನ ಬದಲು ದನ ಇಟ್ಟರು. ನಾಲ್ಕು ಮನೆಗಳಲ್ಲಿ ಹೆಂಚಿನ ಚೂರು ಇಟ್ಟು ಅದನ್ನು ಲಂಟಾನ ಎಂದರು. ಅಲ್ಲಿ ಯಾರೂ ನಿಲ್ಲುವಂತಿಲ್ಲ.

ಮಣೆ ಬಹಳ ಅಂದವಾಗಿತ್ತು. ಮನಸ್ಸಿನಲ್ಲೇ ಪೂರ್ಣ ಅಂಕ ಕೊಟ್ಟುಬಿಟ್ಟಿದ್ದೆ. ಆದರೆ ಆಡಿ ನೋಡಿದಾಗ ಪ್ರತಿ ಸಲವೂ ಹುಲಿಗಳು ಬೇಗ ಸಿಕ್ಕಿಬಿದ್ದವು. ಲೆಕ್ಕ ಸರಳ: ಕಾಯಿಗಳು 18, ಲಂಟಾನ 4, ಎಲ್ಲ ಕಾಯಿ ಇಟ್ಟ ಮೇಲೆ ಉಳಿಯುವುದು ಒಂದೇ ಖಾಲಿ ಮನೆ. ಒಬ್ಬ ಕೇಳಿದ: “ಹಂಗಾದ್ರೆ ಲಂಟಾನ ದನಕ್ಕೆ ಒಳ್ಳೇದಾ ಸಾರ್?”

ಲಂಟಾನ ದಟ್ಟವಾಗಿ ಹಬ್ಬಿದ ಕಡೆ ಅದರಡಿ ಹುಲ್ಲು ಬೆಳೆಯುವುದು ಕಷ್ಟ; ಮೇವು ಕಡಿಮೆಯಾಗುತ್ತದೆ. ಇದು ಆ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವನಿಗೆ ಗೊತ್ತಿದ್ದುದಕ್ಕೆ ತದ್ವಿರುದ್ಧವಾದುದನ್ನು ಅವರೇ ಬರೆದ ನಿಯಮ ಹೇಳುತ್ತಿತ್ತು. ಆಟದ ನಿಯಮವೆಂದರೆ ಕಾರಣ ಮತ್ತು ಪರಿಣಾಮದ ಬಗೆಗಿನ ಒಂದು ಹೇಳಿಕೆ ಎಂಬುದು ನನಗೆ ಆಗ ಹೊಳೆಯಿತು. ಹೇಳಿಕೆ ಸರಿಯೋ ತಪ್ಪೋ ಎಂಬುದು ಆಡಿದಾಗಲೇ ತಿಳಿಯುತ್ತದೆ.

ಲಂಟಾನದ ಮನೆಗೆ ದನ ಹೋಗುವಂತಿಲ್ಲ, ಹುಲಿ ಮಾತ್ರ ಮರೆಯಾಗಿ ನಿಲ್ಲಬಹುದು ಎಂದು ತಿದ್ದಿದರು. ಈಗ ಹುಲಿಯೇ ಸದಾ ಗೆಲ್ಲತೊಡಗಿತು. ಲಂಟಾನವನ್ನು ಎರಡಕ್ಕೆ ಇಳಿಸಿದರು.

ನಾನು ಮಾಡಿದ ತಪ್ಪು

ಆಮೇಲೆ ಜಗಳ ಶುರುವಾಯಿತು. ಹುಲಿ ಸಿಕ್ಕಿಬಿದ್ದರೆ ಗೆದ್ದಂತೆಯೇ? “ಹೋದ ವರ್ಷ ನಮ್ಮ ಹಸು ಹೋಯ್ತು. ಹುಲಿ ಸಿಕ್ಕಿದ್ರೆ ನಾನು ಗೆದ್ದಂಗೇ” ಎಂದಳು ಒಬ್ಬ ಹುಡುಗಿ. “ಹುಲಿ ಇಲ್ದಿದ್ರೆ ಅದೆಂಥ ಕಾಡು?” ಎಂದ ಇನ್ನೊಬ್ಬ. ಗಂಟೆ ಹೊಡೆಯಲು ಐದು ನಿಮಿಷವಿತ್ತು. ಪಾಠ ಯೋಜನೆ ಮುಗಿಸುವ ಆತುರದಲ್ಲಿ ನಾನೇ ತೀರ್ಪು ಕೊಟ್ಟೆ: ಹುಲಿ ಉಳಿಯುವುದೇ ಗೆಲುವು. ಹುಡುಗಿ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ಸುಮ್ಮನಾದಳು. ವೀಕ್ಷಣೆಗೆ ಬಂದಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಹಾಳೆಯಲ್ಲಿ ಬರೆದದ್ದು ಒಂದೇ ಪ್ರಶ್ನೆ: ‘ಈ ನಿಯಮ ಯಾರದು?’

ಮರುದಿನ ತಂಡದ ಮುಂದೆ ನನ್ನ ನಿಯಮ ಹಿಂತೆಗೆದುಕೊಂಡೆ. ಎರಡು ಅವಧಿ ಹಿಡಿಯಿತು. ಅವರು ಮಾಡಿದ ನಿಯಮ ಇದು: ಮೂರೂ ಹುಲಿ ಸಿಕ್ಕಿಬಿದ್ದರೆ ಇಬ್ಬರೂ ಸೋತಂತೆ, ಒಂದೇ ವೇಳೆಗೆ ಐದು ದನ ಮಣೆಯಿಂದ ಹೊರಗಿದ್ದರೂ ಇಬ್ಬರೂ ಸೋತಂತೆ. ಹೋದ ದನ ಐದು ಸರದಿಯ ನಂತರ ಪರಿಹಾರವಾಗಿ ಮರಳುತ್ತದೆ. ಐದು ಸರದಿ ಏಕೆಂದರೆ, ಆ ಹುಡುಗಿಯ ಮಾತಿನಲ್ಲೇ, “ಅರ್ಜಿ ಹಾಕಿ ಕಾಯಬೇಕಲ್ಲ ಸಾರ್.”

ಅಂಕ ಯಾವುದಕ್ಕೆ?

ನನ್ನ ಮೊದಲ ಅಂಕಪಟ್ಟಿಯಲ್ಲಿ ಅರ್ಧದಷ್ಟು ಅಂಕ ಮಣೆಯ ಅಂದಕ್ಕಿತ್ತು. ಅದನ್ನು ಬದಲಿಸಿದೆ. ಈಗ ಪ್ರತಿ ತಂಡ ಮೂರು ಕಾಲಂಗಳ ದಾಖಲೆ ಇಡುತ್ತದೆ: ಆಡುವಾಗ ಏನು ಕಂಡೆವು, ಯಾವ ನಿಯಮ ಬದಲಿಸಿದೆವು, ಏಕೆ. ಅರ್ಧ ಅಂಕ ಈ ದಾಖಲೆಗೆ. ರೂಪಣಾತ್ಮಕ ಮೌಲ್ಯಮಾಪನ ಎಂದು ನಾವು ಓದಿದ್ದು ಇಲ್ಲಿ ಕಣ್ಣಿಗೆ ಕಂಡಿತು.

ಇಂಥ ಯೋಜನಾಕಾರ್ಯ ಕೊಡುವ ಸಹ ಪ್ರಶಿಕ್ಷಣಾರ್ಥಿಗಳು ಮೂರು ವಿಷಯ ಗಮನಿಸಬಹುದು. ಒಂದು ಸಲಕ್ಕೆ ಒಂದೇ ನಿಯಮ ಬದಲಿಸಲಿ. ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಕಂಪ್ಯೂಟರ್ ಇದ್ದು ಸ್ಕ್ರ್ಯಾಚ್‌ನಲ್ಲಿ ಆಟ ಮಾಡಿಸುವುದಾದರೂ ಮೊದಲು ಕಾಗದದ ಮೇಲೆ ಆಡಿಸಿ. ಅಲ್ಲಿ ನಿಯಮ ತಿದ್ದಲು ಒಂದು ನಿಮಿಷ ಸಾಕು. ಗೆಲುವು ಯಾವುದೆಂಬ ತೀರ್ಮಾನ ಮಕ್ಕಳದೇ ಆಗಿರಲಿ, ಅದಕ್ಕೆ ಬೇಕಾದ ಅವಧಿಯನ್ನು ಪಾಠ ಯೋಜನೆಯಲ್ಲೇ ಸೇರಿಸಿ.

ಆ ಆಟ ಪೂರ್ಣವಾಗಲಿಲ್ಲ. ನನ್ನ ಕೊನೆಯ ದಿನ ಆಡುತ್ತಿದ್ದಾಗ ಹುಲಿ ಹಿಡಿದಿದ್ದವನು ದನವನ್ನು ಮುಟ್ಟದೆ ಹುಲಿಯನ್ನು ಸುಮ್ಮನೆ ಅತ್ತಿತ್ತ ಆಡಿಸುತ್ತಿದ್ದ. ಯಾರೂ ಸೋಲಲಿಲ್ಲ. ಆ ಹುಡುಗಿ ದಾಖಲೆ ಪುಸ್ತಕ ಎಳೆದುಕೊಂಡು ಮೊದಲ ಕಾಲಂನಲ್ಲಿ ಬರೆದಳು: ‘ಹುಲಿಗೆ ಹಸಿವಿಲ್ಲ.’ ಉಳಿದ ಎರಡು ಕಾಲಂ ಖಾಲಿ ಇದ್ದಾಗಲೇ ನಾನು ಆ ಶಾಲೆಯಿಂದ ಹೊರಟೆ.